ದೇವರ ಮುಂದೆ ಕಾರವಾರದ ಹೆಸರು ಬರಲಿಲ್ಲ

ದೋಸ್ತಾ ವಸಂತಾ,

ನೀನು ಇದನ್ನು ಓದುವುದಿಲ್ಲ ಅಂತ ನನಗೆ ಗೊತ್ತು. ಬದುಕಿದ್ದಾಗಲಾದರೂ ನಾನು ಬರೆದದ್ದನ್ನು ನೀನು ಪೂರ್ತಿ ಓದಿದ್ದು ಯಾವಾಗ? ಹೈಸ್ಕೂಲಿನಲ್ಲಿ ನನ್ನ ಪೇಪರು ನೋಡಿ ಕಾಪಿ ಹೊಡೆಯುವಾಗಲೂ ಕೊನೆಯ ಪ್ಯಾರಾ ಬಿಟ್ಟು ಎದ್ದು ಹೋಗುತ್ತಿದ್ದೆ. ಆದರೂ ಬರೆಯಲು ಕೂತಿದ್ದೇನೆ. ಇದನ್ನೆಲ್ಲ ಹೇಳಿಕೊಳ್ಳಲು ಅಂಕೋಲೆಯಲ್ಲಿ ನನಗೆ ಬೇರೆ ಮನುಷ್ಯ ಇಲ್ಲ. ಕಾರವಾರದ ಆಸ್ಪತ್ರೆಯ ಮಹಡಿಯಲ್ಲಿ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಕುರ್ಚಿಯ ಮೇಲೆ ಇದ್ದೇನೆ. ಗಾಜಿನ ಬಾಗಿಲಿನ ಆಚೆ ನಿನ್ನ ಶಾರದೆ ಮಲಗಿದ್ದಾಳೆ. ಎದೆಯದೇ ಕಾಯಿಲೆ, ನಿನಗೆ ಬಂದದ್ದೇ. ಹೇಗಿದ್ದಾಳೆ ಅಂತ ಅವಸರ ಮಾಡಬೇಡ. ಒಂದೊಂದಾಗಿ ಹೇಳದಿದ್ದರೆ ನನಗೇ ಎಲ್ಲ ಕಲಸಿ ಹೋಗುತ್ತದೆ, ಈಗಲೇ ಅರ್ಧ ಕಲಸಿ ಹೋಗಿದೆ.

ನೀನು ಬೆಳಿಗ್ಗೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದು ನನ್ನ ಕಂಟ್ರೋಲರ್ ರೂಮಿನ ಕಿಟಕಿ ಬಡಿಯುತ್ತಿದ್ದದ್ದು ನೆನಪಾಗುತ್ತದೆ. ಶೆಟಗೇರಿಯ ಸೊಸೈಟಿಯಲ್ಲಿ ಅಕ್ಕಿ ಸಕ್ಕರೆ ತೂಗುವುದು ನಿನ್ನ ಸಂಬಳದ ಕೆಲಸ. ಆದರೆ ನಿನ್ನ ನಿಜವಾದ ಉದ್ಯೋಗ ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ಯಾರ ಮನೆಯಲ್ಲಿ ದೊಡ್ಡ ಕಾಯಿಲೆ ಬಿದ್ದರೂ ಜೊತೆಗೆ ಹೋಗುವವನು ನೀನು. ಕೇಣಿಯ ಮೀನಿನ ಹೆಂಗಸಿರಲಿ, ನಮ್ಮೂರಿನ ಮುದುಕರಿರಲಿ, ಬಗಲಲ್ಲಿ ಅವರ ಎಕ್ಸ್‌ರೇ ಕವರು, ಕೈಯಲ್ಲಿ ಅವರ ಗಂಜಿಯ ಡಬ್ಬಿ. "ಬೀರಣ್ಣ, ಪಣಜಿ ಗಾಡೀಲಿ ಮುಂದಿನ ಸೀಟು ಹಿಡ್ಸಿಕೊಡು ಮಾರಾಯಾ, ಇವ್ರಿಗೆ ಕುಲುಕಿದ್ರೆ ಆಗೂದಿಲ್ಲ" ಅನ್ನುತ್ತಿದ್ದೆ. ನಾನು ಕಂಡಕ್ಟರನ ಹತ್ತಿರ ಜಗಳ ಆಡಿ ಹಿಡಿಸಿ ಕೊಡುತ್ತಿದ್ದೆ. ಕಾಯಿಲೆಯ ಬಗ್ಗೆ ನಿನಗೆ ಏನೇನೂ ಗೊತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಊರು ಮುಟ್ಟುವುದರೊಳಗೆ ತಲೆಕೆಳಗು ಮಾಡಿಬಿಡುತ್ತಿದ್ದೆ, ಲಿವರಿನದ್ದು ಕಿಡ್ನಿಗೆ ಹೋಗಿರುತ್ತಿತ್ತು. ಆದರೆ ಯಾವ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬಂಗಡೆ ತಾಜಾ, ಯಾವ ವಾರ್ಡಿನ ವಾಚ್‌ಮನ್ ಕೊಂಕಣಿಯಲ್ಲಿ ಎರಡು ಮಾತಾಡಿದರೆ ಒಳಗೆ ಬಿಡುತ್ತಾನೆ, ಅದರಲ್ಲೆಲ್ಲ ನಿನ್ನನ್ನು ಮೀರಿಸುವವರು ಇರಲಿಲ್ಲ. ನೀನು ಜೊತೆಗಿದ್ದರೆ ಜನ ಅರ್ಧ ಗುಣವಾದ ಹಾಗೇ ಬಸ್ ಹತ್ತುತ್ತಿದ್ದರು.

ಆಗ ನಮಗೆ ಇದ್ದದ್ದು ಎರಡೇ ದಿಕ್ಕು, ಅಲ್ಲವಾ? ಬಡಗಿಗೆ ಹೋದರೆ ಗೋವಾ, ತೆಂಕಿಗೆ ಹೋದರೆ ಮಣಿಪಾಲ. ಘಟ್ಟ ಹತ್ತಿದರೆ ಹುಬ್ಬಳ್ಳಿ ಇತ್ತು, ಆದರೆ ತಿರುವಿನಲ್ಲಿ ರೋಗಿಗಳು ವಾಂತಿ ಮಾಡುತ್ತಾರೆಂದು ನೀನು ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಕಾರವಾರ? ಕೋರ್ಟು ಕಚೇರಿಗೆ ಕಾರವಾರ. ಬಾಣಂತನಕ್ಕೆ, ಜ್ವರಕ್ಕೆ, ಮುರಿದ ಕೈಗೆ ಕಾರವಾರ. ಜೀವದ ಪ್ರಶ್ನೆ ಬಂತೆಂದರೆ ಕಾರವಾರ ನಮಗೆ ದಾಟಿ ಹೋಗುವ ಊರು. ಹೃದಯಕ್ಕೆ, ತಲೆಗೆ ಅಲ್ಲಿ ಆಗ ಸೌಕರ್ಯ ಇರಲಿಲ್ಲ, ಅದು ಯಾರ ತಪ್ಪೂ ಅಲ್ಲ. "ಕಾರವಾರದಲ್ಲಿ ಇಳೀಬ್ಯಾಡಿ, ಚೀಟಿ ಬರ್ದು ಮುಂದೆ ಕಳಿಸ್ತ್ರು, ಅಷ್ಟೇಯ" ಅಂತ ನೀನು ಎಷ್ಟು ಜನರಿಗೆ ಹೇಳಿದ್ದೆಯೋ ದೇವರೇ ಬಲ್ಲ. ಅದು ನಮ್ಮೆಲ್ಲರ ಬಾಯಿಪಾಠವಾಗಿತ್ತು.

ನಿನ್ನ ಕೊನೆಯ ದಿನವೂ ನೀನು ಅದನ್ನೇ ಹೇಳಿದೆ. ಸೊಸೈಟಿಯ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತಿದ್ದೆ, ಬನಿಯನ್ನು ಬೆವರಿಗೆ ತೊಯ್ದು ಹೋಗಿತ್ತು. ಬಾಡಿಗೆ ಓಡಿಸುವ ಸುರೇಶನ ಓಮಿನಿ ವ್ಯಾನಿನಲ್ಲಿ ನಿನ್ನನ್ನು ಹಾಕಿಕೊಂಡು ಹೊರಟೆವು, ಮುಂದೆ ನಾನು, ಹಿಂದೆ ನಿನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಶಾರದೆ. ಕಾರವಾರ ಬಂದಾಗ ಸುರೇಶ ಗಾಡಿ ನಿಧಾನ ಮಾಡಿದ. ನೀನು ಕಣ್ಣು ಮುಚ್ಚಿಕೊಂಡೇ "ಸೀದಾ ನಡಿ" ಅಂದೆ. ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ, ಕಾಣಕೋಣದ ಘಟ್ಟ ಹತ್ತುವಾಗ ಶಾರದೆ ನನ್ನ ಹೆಗಲು ಹಿಡಿದಳು. ತಿರುಗಿ ನೋಡಿದೆ. ಆಮೇಲೆ ಅಲ್ಲಿಂದ ಮುಂದೆ ಹೋಗುವುದಕ್ಕೆ ಏನೂ ಇರಲಿಲ್ಲ.

ನೀನು ಹೋಗಿ ಎರಡು ವರ್ಷ ತುಂಬುವುದರೊಳಗೆ ಆಸ್ಪತ್ರೆಗಳ ಸಂಗತಿಯೇ ಬೇರೆಯಾಯಿತು. ಹೇಗೆ ಹೇಳಲಿ ನಿನಗೆ? ದೂರದ ದೊಡ್ಡ ಊರಿನ ಆಸ್ಪತ್ರೆಯವರೊಬ್ಬರು ಊರೂರಿಗೆ ಕೊಂಡಿ ಹಾಕುತ್ತ ಬಂದರು. ಕಾರವಾರದಲ್ಲಿ ಒಂದು ಹಳೇ ನರ್ಸಿಂಗ್ ಹೋಮ್ ಕೊಂಡುಕೊಂಡು ಮೇಲೆ ಎರಡು ಮಹಡಿ ಎಬ್ಬಿಸಿ ಹೃದಯದ ವಾರ್ಡು ಮಾಡಿದರು. ಅಂಕೋಲೆಯಲ್ಲಿ ನಾವು ಚಾ ಕುಡಿಯುತ್ತಿದ್ದ ಹೋಟೆಲಿನ ಪಕ್ಕ ಅವರದ್ದೇ ಒಂದು ಸಣ್ಣ ಕ್ಲಿನಿಕ್ ಆಯಿತು. ಅಲ್ಲಿ ಎದೆಗೆ ವಯರು ಅಂಟಿಸಿ ಗೆರೆ ತೆಗೆದರೆ ಆ ಗೆರೆ ಫೋನಿನ ತಂತಿಯಲ್ಲಿ ಕಾರವಾರಕ್ಕೆ ಹೋಗುತ್ತದಂತೆ, ಕಾರವಾರದಿಂದ ದೊಡ್ಡ ಊರಿಗೆ ಹೋಗುತ್ತದಂತೆ, ಅಲ್ಲಿನ ಡಾಕ್ಟರು ಟಿವಿಯಲ್ಲಿ ಬಂದು ಔಷಧಿ ಹೇಳುತ್ತಾರಂತೆ. ನಾನು ಕೇಳಿ ನಕ್ಕಿದ್ದೆ. ನಾಡಿ ಹಿಡಿಯದ ಡಾಕ್ಟರು ಎಂಥಾ ಡಾಕ್ಟರು? ಟಿವಿಯಲ್ಲಿ ಬರುವವನು ಬೇಕಾದ್ದು ಹೇಳುತ್ತಾನೆ, ವಾರ್ತೆ ಓದುವವರು ಹೇಳುವುದಿಲ್ಲವಾ? ಕರೆಂಟು ಹೋದರೆ ಡಾಕ್ಟರೂ ಹೋದ ಹಾಗೇ ಅಲ್ಲವಾ? ಬಸ್‌ಸ್ಟ್ಯಾಂಡಿನಲ್ಲಿ ಇದನ್ನೇ ಹೇಳಿ ಹೇಳಿ ಎಲ್ಲರನ್ನೂ ನಗಿಸಿದೆ.

ಶಾರದೆಗೆ ಎದೆ ಹಿಡಿಯಲು ಶುರುವಾದದ್ದು ಈ ಮಳೆಗಾಲ ಮುಗಿದ ಮೇಲೆ. ಬಾವಿಯಿಂದ ನೀರು ಸೇದುವಾಗ ಕೊಡ ಅರ್ಧಕ್ಕೆ ಬಿಟ್ಟು ಕೂತುಬಿಡುತ್ತಿದ್ದಳಂತೆ. ನಮ್ಮ ಹಳೇ ಡಾಕ್ಟರಿಗೆ ತೋರಿಸಿದ್ದಕ್ಕೆ, "ಇದು ಹೃದಯದ್ದು, ನನ್ನ ಹತ್ರ ಆಗೂದಲ್ಲ, ಎಲ್ಲಾದ್ರೂ ತೋರ್ಸಿ, ಆದ್ರೆ ತಡ ಮಾಡ್ಬ್ಯಾಡಿ" ಅಂದರು. ಎಲ್ಲಾದರೂ ಅಂದರೆ ಎಲ್ಲಿ ಮಾರಾಯಾ? ಆ ಒಂದು ಶಬ್ದ ನಮ್ಮ ತಲೆ ತಿಂದುಬಿಟ್ಟಿತು. ನಿನ್ನ ತಮ್ಮ ಗೋವಾ ಅಂದ. ಅವಳ ತವರಿನವರು ಮಣಿಪಾಲ ಅಂದರು. ಧಾರವಾಡದಿಂದ ನಿನ್ನ ಮಗಳು ದಿನಾ ಫೋನು ಮಾಡಿ "ಬೀರಣ್ಣಮಾಮಾ, ಹುಬ್ಬಳ್ಳಿಗೆ ಕರ್ಕಂಡು ಬನ್ನಿ, ನಾ ನೋಡ್ಕಂತೆ" ಅಂದಳು. ಎಲ್ಲರೂ ಕೊನೆಗೆ ನನ್ನ ಮುಖ ನೋಡುತ್ತಿದ್ದರು. ವಸಂತನ ದೋಸ್ತ, ಇವನಿಗೆ ಗೊತ್ತಿರಬೇಕು ಅಂತ. ನನಗೇನು ಗೊತ್ತು? ನಾನು ಬಸ್ಸಿಗೆ ಹತ್ತಿಸಿದವನು, ಇಳಿಸಿದವನು ನೀನು. ಒಬ್ಬರ ಮಾತು ಕೇಳಿದಾಗ ಅದೇ ಸರಿ ಅನ್ನಿಸುತ್ತಿತ್ತು, ಇನ್ನೊಬ್ಬರು ಬಾಯಿ ತೆರೆದ ಕೂಡಲೇ ಇದೇ ಸರಿ ಅನ್ನಿಸುತ್ತಿತ್ತು.

ಹಾಗಾಗಿ ನಮ್ಮವರು ಯಾವಾಗಲೂ ಮಾಡುವುದನ್ನೇ ಮಾಡಿದೆವು, ದೇವಿಯ ಹತ್ತಿರ ಪ್ರಸಾದ ಕೇಳಲು ಹೋದೆವು. ಪೂಜೆ ಮಾಡುವ ಗುನಗರು ಮಿಂದು ಬಂದು ದೇವಿಯ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಅಂಟಿಸಿದರು. ಹೇಳಿಕೆ ಮಾಡುವುದಕ್ಕೆ ನನ್ನನ್ನೇ ಮುಂದೆ ತಳ್ಳಿದರು. ನಾನು ಕೈ ಮುಗಿದು, ಬಸ್‌ಸ್ಟ್ಯಾಂಡಿನ ದೊಡ್ಡ ದನಿಯಲ್ಲೇ ಹೇಳಿದೆ: "ತಾಯಿ, ಈ ಹೆಣ್ಮಗಳ ಎದೆ ನೋವಿಗೆ ಗೋವಾಕ್ಕೆ ಹೋಗೂದಾದ್ರೆ ಬಲಕ್ಕೆ ಕೊಡು, ಮಣಿಪಾಲಕ್ಕಾದ್ರೆ ಎಡಕ್ಕೆ ಕೊಡು." ಎಲ್ಲರೂ ಕಣ್ಣು ಬಿಟ್ಟುಕೊಂಡು ನಿಂತೆವು. ಹೂ ಬೀಳಲಿಲ್ಲ. ಗುನಗರು ಇನ್ನೊಮ್ಮೆ ಪ್ರಾರ್ಥನೆ ಮಾಡಿದರು, ಮತ್ತೊಮ್ಮೆ ಮಾಡಿದರು. ಎಸಳು ಒಣಗುತ್ತ ಬಂದವೇ ಹೊರತು ಜಾರಲಿಲ್ಲ. ಸಾಧಾರಣವಾಗಿ ಒಣಗಿದರೆ ಬೀಳಲೇಬೇಕಲ್ಲ, ಅದೂ ಇಲ್ಲ. ಕೊನೆಗೆ ಗುನಗರು ಹಣೆ ಒರೆಸಿಕೊಂಡು "ತಾಯಿಗೆ ಎರಡೂ ಮನಸ್ಸಿಲ್ಲ, ಬೀರಣ್ಣ. ಇನ್ನೊಂದು ದಿನ ಬನ್ನಿ" ಅಂದರು. ನಿನ್ನ ತಮ್ಮನಿಗೂ ಅವಳ ತವರಿನವರಿಗೂ ಅಲ್ಲೇ ಅಂಗಳದಲ್ಲಿ ಮಾತಿಗೆ ಮಾತು ಬೆಳೆಯಿತು.

ಅವರೆಲ್ಲ ಮುಂದೆ ಹೋದ ಮೇಲೆ ನಾನು, ಶಾರದೆ ಗದ್ದೆಯ ಅಂಚಿನಲ್ಲಿ ನಿಧಾನಕ್ಕೆ ನಡೆದು ಬರುತ್ತಿದ್ದೆವು. ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ಅಲ್ಲಲ್ಲಿ ನಿಲ್ಲುತ್ತಿದ್ದಳು. ಹಾಗೆ ಒಮ್ಮೆ ನಿಂತಾಗ, "ಬೀರಣ್ಣ, ನೀವು ಕಾರವಾರದ್ದು ಕೇಳ್ಳೇ ಇಲ್ಲ" ಅಂದಳು.

ನನಗೆ ಒಂದು ಕ್ಷಣ ಏನೆಂದೇ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಅಯ್ಯೋ ಶಿವನೇ! ಅಷ್ಟು ಜನ ಇದ್ದೆವು, ಗುನಗರಿದ್ದರು, ಒಬ್ಬರ ತಲೆಯಲ್ಲೂ ಅದು ಬರಲಿಲ್ಲ. ದಿನಾ ಕಣ್ಣೆದುರು ಆ ಕ್ಲಿನಿಕ್ಕಿನ ಬೋರ್ಡು ಇದೆ, ಪೇಪರಿನಲ್ಲಿ ಕಾರವಾರದ ಹೃದಯದ ವಾರ್ಡಿನ ಫೋಟೋ ಬಂದಿದೆ. ಆದರೂ ದೇವರ ಮುಂದೆ ನಿಂತಾಗ ನಾಲಿಗೆಗೆ ಬಂದದ್ದು ಹಳೇ ಎರಡೇ ಊರು. ದೇವಿಯಾದರೂ ಏನು ಮಾಡಬೇಕು, ನಾವು ಹೇಳದ ಊರಿನ ಹೆಸರಿಗೆ ಹೂ ಕೊಡುವುದಕ್ಕೆ ಆಗುತ್ತದೆಯೇ?

"ಅತ್ತಿಗೆ, ನಿಮಗೆ ಅಲ್ಲೇ ಹೊಳ್ದಿತ್ತಾ?" ಅಂದೆ.

"ಹೊಳೀದೆ ಎಂತ? ಮನೆಯಿಂದ ಹೊರಡ್ವಾಗ್ಲೇ ಹೊಳ್ದಿತ್ತು."

"ಮತ್ತೆ ಹೇಳೂಕೆ ಎಂತ ಆಗಿತ್ತು? ಬಾಯಿಗೆ ಬೀಗ ಹಾಕ್ಕಂಡಿದ್ರಾ?"

"ಹೇಳಿ, ದೇವಿ ಕೊಟ್ಬಿಟ್ರೆ?" ಅಂದಳು. ಅಂಚಿನ ಮೇಲೆ ಕೂತಳು. ನಾನೂ ಕೂತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದಳು: "ಕಾರವಾರದಲ್ಲೇ ನನಗೆ ಗುಣ ಆಯ್ತು ಅಂದ್ಕಣಿ. ಹಂಗಾರೆ ಅವ್ರು ಎಂತಕೆ ಹೋದ್ರು? ಗೋವಾ ದೂರ, ಮುಟ್ಟಲಿಲ್ಲ, ಹಣೇಲಿ ಬರ್ದಿತ್ತು, ಹೋದ್ರು. ಹಾಗಂತ ನಾ ಇಷ್ಟು ದಿನ ಮನಸ್ಸಿಗೆ ಹೇಳ್ಕಂಡು ಬಂದೆ. ಈಗ ಮನೆ ಬಾಗಿಲಲ್ಲೇ ಆಗೂ ಕೆಲ್ಸ ಅಂತಾದ್ರೆ, ಅವ್ರು ಸುಮ್ನೆ ಹೋದಂಗೆ ಆಯ್ತಲ್ಲ ಬೀರಣ್ಣ. ಸುಮ್ನೆ... ನನಗೆ ಅದು ತಡ್ಕಣೂಕೆ ಆಗೂದಿಲ್ಲ. ಗೋವಾಕ್ಕೇ ಕರ್ಕಂಡು ಹೋಗಿ. ಮುಟ್ಟಿದ್ರೆ ಮುಟ್ದೆ, ಇಲ್ದಿದ್ರೆ ಅವ್ರ ಹಂಗೇ."

ಏನು ಹೇಳಬೇಕಿತ್ತು ವಸಂತಾ? ನೀನೇ ಹೇಳು. ನನಗೆ ಮೊದಲು ಬಂದದ್ದು ಸಿಟ್ಟು. "ಹುಚ್ಚು ಹಿಡ್ದಿದ್ಯಾ ನಿಮಗೆ? ಅಂವ ಅರ್ಧ ತಾಲೂಕನ್ನ ಆಸ್ಪತ್ರೆಗೆ ಹೊತ್ತು ಬದುಕಿಸ್ದ. ಅಂವ ಇದ್ದಿದ್ರೆ ನಿಮ್ಮನ್ನ ಇಷ್ಟೊತ್ತಿಗೆ ಕಾರವಾರಕ್ಕೆ ಎಳ್ಕಂಡು ಹೋಗ್ತಿದ್ದ" ಅಂದೆ. ಅವಳು ನನ್ನನ್ನು ನೋಡಿ, "ಅವ್ರಿದ್ದಿದ್ರೆ ಗೋವಾಕ್ಕೇ ಹೋಗ್ತಿದ್ರು" ಅಂದಳು. ಹೌದಲ್ಲ! ನೀನು ಹಾಗೆಯೇ ಮಾಡುತ್ತಿದ್ದೆ. ನನ್ನ ಸಿಟ್ಟು ಅಲ್ಲೇ ಮುರಿದು ಬಿತ್ತು. ಅವಳು ಹೇಳಿದ್ದು ತಪ್ಪು ಅಂತ ನನಗೆ ಗೊತ್ತು. ಆದರೆ ಎಲ್ಲಿ ತಪ್ಪು ಅಂತ ತೋರಿಸುವುದಕ್ಕೆ ಬರಲಿಲ್ಲ. ಆ ಗದ್ದೆಯ ಅಂಚಿನಲ್ಲಿ ಕೂತಾಗಿನಿಂದ ನನಗೂ ಅದೇ ಯೋಚನೆ ಹತ್ತಿಕೊಂಡಿತು. ಈ ವಾರ್ಡು ಒಳ್ಳೆಯದಾಗಿರಲಿ ಅಂತ ಬೇಡಿಕೊಳ್ಳಬೇಕಾ, ಆಗಿರದಿರಲಿ ಅಂತ ಬೇಡಿಕೊಳ್ಳಬೇಕಾ?

ಪ್ರಸಾದದ ಎರಡನೇ ದಿನ ಬರಲೇ ಇಲ್ಲ. ಮೊನ್ನೆ ಬೆಳಿಗ್ಗೆ ನಾನು ಮೈಕಿನಲ್ಲಿ ಕುಮಟಾ ಗಾಡಿ ಕೂಗುತ್ತಿದ್ದೆ. ಶಾರದೆ ತವರಿಗೆ ಹೋಗಲೆಂದು ಬಂದವಳು ಎದುರಿನ ಬೆಂಚಿನ ಮೇಲೆ ಇದ್ದಳು, ನನಗೆ ಕೈ ಮಾಡಿದಳು. ನಾನು ಬಸ್ಸಿನ ನಂಬರು ಹೇಳಿ ಮುಗಿಸುವುದರೊಳಗೆ ಬೆಂಚಿನಿಂದ ಕೆಳಗೆ ಜಾರಿದ್ದಳು. ಮೈಕು ಚಾಲೂ ಇದ್ದದ್ದು ಮರೆತು ನಾನು ಕಿರುಚಿದೆನಂತೆ, ಇಡೀ ಸ್ಟ್ಯಾಂಡಿಗೆ ಕೇಳಿಸಿತಂತೆ. ಓಡಿ ಹೋಗಿ ಎತ್ತಿ ಕೂರಿಸಿದೆ. ಮುಖ ಬೆಳ್ಳಗೆ, ಕತ್ತು ಬೆವರು. ಅದೇ ಬೆವರು ವಸಂತಾ, ನಾನು ಎಲ್ಲಿ ನೋಡಿದರೂ ಗುರುತು ಹಿಡಿಯುತ್ತೇನೆ. ಸುರೇಶನ ಓಮಿನಿ ಹೊರಗೇ ಇತ್ತು.

ಮೊದಲು ಪಕ್ಕದ ಆ ಕ್ಲಿನಿಕ್ಕಿಗೇ ಹೋದೆವು, ಹತ್ತಿರ ಇತ್ತು ಅಂತ, ಬೇರೆ ಯೋಚನೆಯಿಂದಲ್ಲ. ಕೋಟು ಹಾಕಿದ ಹುಡುಗಿಯೊಬ್ಬಳು ಎದೆಗೆ ವಯರು ಅಂಟಿಸಿ ಗೆರೆ ತೆಗೆದಳು, ನಾಲಿಗೆಯ ಕೆಳಗೆ ಒಂದು ಗುಳಿಗೆ ಇಟ್ಟಳು, ಇನ್ನೊಂದನ್ನು ಅಗಿಯಲು ಕೊಟ್ಟಳು. ಫೋನಿನಲ್ಲಿ ಯಾರಿಗೋ ಏನೋ ಹೇಳಿ, "ಇದು ಹಾರ್ಟ್ ಅಟ್ಯಾಕೇ. ಕಾರವಾರದಲ್ಲಿ ರೆಡಿ ಇರ್ತಾರೆ, ಸೀದಾ ಅಲ್ಲಿಗೇ ಹೋಗಿ, ಎಲ್ಲೂ ನಿಲ್ಲಬೇಡಿ" ಅಂದಳು. ನಾನು ತಲೆ ಆಡಿಸಿದೆ. ತಲೆ ಆಡಿಸಿದವನ ತಲೆಯಲ್ಲಿ ಏನಿತ್ತು ಗೊತ್ತಾ? ಇಷ್ಟು ಸಣ್ಣ ಹುಡುಗಿ, ಇವಳಿಗೇನು ಗೊತ್ತು, ಗೋವಾಕ್ಕೇ ಹೋಗೋಣ ಅಂತಲೂ ಇತ್ತು. ಕಾರವಾರದಲ್ಲಿ ರೆಡಿ ಇರುತ್ತಾರಂತಲ್ಲ ಅಂತಲೂ ಇತ್ತು. ಯಾವುದು ನನ್ನದು, ಯಾವುದು ನಿನ್ನದು ಅಂತ ಬಿಡಿಸಲು ಆಗಲಿಲ್ಲ.

ಚೆಂಡಿಯಾ ದಾಟುವಾಗ ಸುರೇಶ ಯಾವಾಗಲೂ ಗಾಡಿ ನಿಧಾನ ಮಾಡಿ ನೇವಿಯವರು ಊರು ಎಬ್ಬಿಸಿ ಕಟ್ಟಿದ ಗೋಡೆಯ ಕಡೆ ಕೈ ತೋರಿಸುತ್ತಾನೆ, ನಿನಗೆ ಗೊತ್ತಲ್ಲ, "ಅಲ್ಲಿತ್ತು ನಮ್ಮ ಮನೆ" ಅಂತ. ಮೊನ್ನೆ ಆ ಕಡೆ ತಿರುಗಿಯೂ ನೋಡಲಿಲ್ಲ. ಹಾರನ್ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಶಾರದೆ ನನ್ನ ಮಣಿಕಟ್ಟು ಹಿಡಿದಿದ್ದಳು. ಎರಡು ಸಲ "ಬೀರಣ್ಣ" ಅಂದಳು. ಕಾರವಾರ ಬಂತು. ಸುರೇಶ ಕನ್ನಡಿಯಲ್ಲಿ ನನ್ನನ್ನು ನೋಡಿ, "ಒಳಗೆ ತಗಳ್ಲಾ, ಸೀದಾ ಹೋಗ್ಲಾ? ಬೇಗ ಹೇಳಿ" ಅಂದ.

ನಾನು "ಸೀದಾ" ಅಂದೆ ವಸಂತಾ. ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿ ತಾನೇ ಹೇಳಿತು. ಆಗ ಶಾರದೆ ನನ್ನ ಕೈಯನ್ನು ಉಗುರು ನಾಟುವ ಹಾಗೆ ಒತ್ತಿ, "ಬ್ಯಾಡ. ಸೇತುವೆ ದಾಟಿಸ್ಬ್ಯಾಡಿ. ನಂಗೆ ಹೆದ್ರಿಕೆ ಆಗ್ತದೆ" ಅಂದಳು. ಅಷ್ಟೇ. ನಾಲ್ಕು ದಿನದ ಹಿಂದೆ ಗೋವಾಕ್ಕೇ ಹೋಗ್ತೆ, ಇಲ್ಲದಿದ್ದರೆ ಅವರ ಹಾಗೇ ಅಂದವಳು ಇವಳೇ. ಸಾವು ಎದುರಿಗೆ ಬಂದು ನಿಂತರೆ ಹಠ ಎಲ್ಲಿಗೆ ಹೋಗುತ್ತದೋ. ನಾನು ಸುರೇಶನ ಹೆಗಲಿಗೆ ಗುದ್ದಿ "ತಿರುಗ್ಸು, ತಿರುಗ್ಸು ಮಾರಾಯಾ, ಒಳಗೆ ತಗ" ಅಂದೆ. ಅವನು ಬ್ರೇಕು ಹಾಕಿ ತಿರುಗಿಸಿದ ರಭಸಕ್ಕೆ ಹಿಂದಿನ ಲಾರಿಯವನು ನಮ್ಮ ಏಳು ತಲೆಮಾರಿಗೆ ಸಾಕಾಗುವಷ್ಟು ಬೈದ.

ಈ ಆಸ್ಪತ್ರೆ ನೀನು ನೋಡಬೇಕಿತ್ತು. ಬಾಗಿಲು ಕೈ ಹಚ್ಚದೆ ತೆರೆದುಕೊಳ್ಳುತ್ತದೆ. ನೆಲ ಎಷ್ಟು ನುಣುಪು ಅಂದರೆ ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ, ಆಮೇಲೆ ನೋಡಿದರೆ ಎಲ್ಲರೂ ಬೂಟು ಹಾಕಿಕೊಂಡೇ ಓಡಾಡುತ್ತಿದ್ದರು. ವಾಚ್‌ಮನ್ ನನ್ನನ್ನು "ಸರ್" ಅಂದ. ಕೊಂಕಣಿಯಲ್ಲಿ ಮಾತಾಡಿಸಿದರೆ ಬಿಡುವ ಜಾತಿಯಲ್ಲ ಅವನು, ಕುತ್ತಿಗೆಗೆ ಹಾಕುವ ಪಾಸಿನ ಪಟ್ಟಿ ಇದ್ದರೆ ಮಾತ್ರ ಬಿಡುತ್ತಾನೆ. ಮನೆಯಿಂದ ಗಂಜಿ ತರುವ ಹಾಗಿಲ್ಲ, ಹೊರಗೆ ಸ್ಟೌ ಹಚ್ಚುವ ಹಾಗಿಲ್ಲ. ನಿನ್ನ ವಿದ್ಯೆ ಒಂದೂ ಇಲ್ಲಿ ನಡೆಯುತ್ತಿರಲಿಲ್ಲ ಬಿಡು. ಆದರೆ ಅಂಕೋಲೆಯ ಹುಡುಗಿ ಹೇಳಿದ್ದು ಸುಳ್ಳಾಗಲಿಲ್ಲ, ನಿಜವಾಗಿಯೂ ಗಾಲಿ ಮಂಚ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಅಲ್ಲಿ ತೆಗೆದ ಗೆರೆ ನಮಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು.

ಆಮೇಲೆ ಆ ಟಿವಿ. ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು, ನಾನು ಇಣುಕಿ ನೋಡಿದೆ. ಶಾರದೆಯ ಮಂಚದ ಹತ್ತಿರ ಇಲ್ಲಿನ ಎಳೆಯ ಡಾಕ್ಟರು, ಎದುರಿಗೆ ಟಿವಿ, ಟಿವಿಯಲ್ಲಿ ಕನ್ನಡಕ ಹಾಕಿದ ಒಬ್ಬ ಹಿರಿಯರು. ಎಲ್ಲೋ ದೂರದ ಊರಿನಲ್ಲಿ ಕೂತವರು "ಅಮ್ಮಾ, ನೋವು ಯಾವಾಗ ಶುರುವಾಯ್ತು?" ಅಂತ ಶಾರದೆಯನ್ನೇ ಕೇಳಿದರು. ಆ ಸ್ಥಿತಿಯಲ್ಲೂ ಅವಳು ಟಿವಿ ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು ನೋಡು! ಕುಮಟಾ ಬಸ್ಸಿನ ಹೊತ್ತಿಗೆ ಅಂದಳು. ಟಿವಿಯವರಿಗೆ ಕುಮಟಾ ಬಸ್ಸು ಏನು ಗೊತ್ತು ಪಾಪ. ನಾನು ಬಾಗಿಲಿನಿಂದಲೇ ಕೂಗಿ ಟೈಮ್ ಹೇಳಿದೆ. ಅವರು "ಥ್ಯಾಂಕ್ಸ್, ಒಳ್ಳೇ ಹೊತ್ತಿಗೆ ಬಂದಿದ್ದೀರಿ" ಅಂದರು, ಎಳೆಯ ಡಾಕ್ಟರಿಗೆ ಏನೋ ಇಂಗ್ಲಿಷಿನಲ್ಲಿ ಹೇಳಿದರು. ನರ್ಸ್ ನನ್ನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದಳು.

ಹೊರಗೆ ಕೂತು ನಾನು ಬಹಳ ದೊಡ್ಡದೇನೋ ನಡೆಯುತ್ತಿದೆ ಅಂದುಕೊಂಡೆ. ಎದೆ ಕೊಯ್ಯುತ್ತಿದ್ದಾರೆ, ರಕ್ತ ಬೇಕು ಅನ್ನುತ್ತಾರೆ, ಸಹಿ ಹಾಕು ಅನ್ನುತ್ತಾರೆ ಅಂತ. ದೇವಿಯ ಹೆಸರು ಹೇಳಿದೆ, ನಿನ್ನ ಹೆಸರೂ ಹೇಳಿದೆ. ಆ ಎಳೆಯ ಡಾಕ್ಟರು ಹೊರಗೆ ಬಂದು ಹೇಳಿದ್ದು ಇಷ್ಟು: ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದನ್ನು ಕರಗಿಸುವ ಇಂಜೆಕ್ಷನ್ ಕೊಟ್ಟೆವು, ಕರಗಿದೆ. ಅಪಾಯ ಇಲ್ಲ. ಮುಂದೆ ಒಮ್ಮೆ ದೊಡ್ಡ ಊರಿಗೆ ಹೋಗಿ ನಾಳದ ಫೋಟೋ ತೆಗೆಸಬೇಕು, ಅವಸರವಿಲ್ಲ. ನಾನು ಕುರ್ಚಿಯ ಮೇಲೆ ಕೂತವನು ಏಳಲಿಲ್ಲ. "ಇಂಜೆಕ್ಷನ್ನಾ? ಬರೀ ಇಂಜೆಕ್ಷನ್ನಾ?" ಅಂತ ಅವರನ್ನೇ ಕೇಳಿದೆ. ಅವರು ನಕ್ಕು ಹೌದು ಅಂದರು. ಸಂತೋಷ ಆಗಬೇಕಿತ್ತು. ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಜೊತೆಯಲ್ಲೇ ನೀನು ನೆನಪಾದೆ.

ನನಗೆ ಸುಮ್ಮನಿರಲು ಆಗಲಿಲ್ಲ. ಡಾಕ್ಟರ ಹಿಂದೆಯೇ ಹೋಗಿ ನಿನ್ನ ಸಂಗತಿ ಹೇಳಿದೆ. ನನ್ನ ದೋಸ್ತನೊಬ್ಬ ಹೀಗೆ ಹೀಗೆ, ಇದೇ ರಸ್ತೆ, ಇದೇ ನೋವು, ಆಗ ಇದು ಇಲ್ಲಿ ಇದ್ದಿದ್ದರೆ... ಅಂತ ನಿಲ್ಲಿಸಿದೆ. ಇಲ್ಲ, ಅವನಿಗೆ ಈ ಇಂಜೆಕ್ಷನ್ ನಾಟುತ್ತಿರಲಿಲ್ಲ ಅಂತ ಅವರು ಒಂದು ಮಾತು ಹೇಳಲಿ ಅಂತ ಕಾದೆ. ಹೇಳಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. ಅವರು ಪ್ರಾಮಾಣಿಕ ಮನುಷ್ಯ, ಹಾಳಾದವರು. "ಹೇಳೋಕಾಗಲ್ಲ ಸರ್. ಎಲ್ಲರಿಗೂ ಕರಗಲ್ಲ. ಬದುಕ್ತಿದ್ರೇನೋ, ಇಲ್ವೇನೋ" ಅಂದರು. ಅದನ್ನು ತೆಗೆದುಕೊಂಡು ನಾನು ಏನು ಮಾಡಲಿ? ಹೌದು ಅಂದಿದ್ದರೆ ಅಳುತ್ತಿದ್ದೆ, ಇಲ್ಲ ಅಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಈಗ ಎರಡೂ ಇಲ್ಲ.

ಇವತ್ತು ಊಟದ ಹೊತ್ತಿಗೆ ಪಟ್ಟಿ ಹಾಕಿ ನನ್ನನ್ನು ಒಳಗೆ ಬಿಟ್ಟರು. ಶಾರದೆ ದಿಂಬಿಗೆ ಒರಗಿ ಕೂತಿದ್ದಳು, ತಲೆ ಬಾಚಿಕೊಂಡಿದ್ದಳು, ಮುಖಕ್ಕೆ ಬಣ್ಣ ಬಂದಿತ್ತು. ಊರಿನ ಸುದ್ದಿ ಕೇಳಿದಳು, ಬಟ್ಟಲಿನ ಗಂಜಿಗೆ ಉಪ್ಪೇ ಇಲ್ಲ ಅಂತ ದೂರು ಹೇಳಿದಳು. ಆಮೇಲೆ ಬಟ್ಟಲು ಬದಿಗಿಟ್ಟು ಕೇಳಿದಳು. ಇದು ಬರುತ್ತದೆ ಅಂತ ನನಗೆ ಗೊತ್ತಿತ್ತು.

"ಆಪರೇಶನ್ ಎಂತದೂ ಮಾಡ್ಲಿಲ್ವಾ ನಂಗೆ?"

"ಇಲ್ಲ ಅತ್ತಿಗೆ."

"ಮತ್ತೆ?"

"ಇಂಜೆಕ್ಷನ್ ಕೊಟ್ರು."

"ಒಂದೇಯಾ?"

ನಾನು ಕಿಟಕಿ ನೋಡಿದೆ. ಏನು ಹೇಳಿದರೂ ಅವಳಿಗೆ ಗೊತ್ತಾಗುತ್ತಿತ್ತು. "ಒಂದೇ" ಅಂದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ, ಎಲ್ಲರಿಗೂ ಕರಗುವುದಿಲ್ಲವಂತೆ, ವಸಂತನಿಗೆ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲವಂತೆ ಅಂತ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮೊದಲು ಬೆನ್ನು ನಡುಗಿತು, ಆಮೇಲೆ ದನಿ ಬಂತು. ವಸಂತಾ, ಆ ಘಟ್ಟದಿಂದ ನಿನ್ನನ್ನು ಮನೆಗೆ ತಂದಾಗಲೂ ಅವಳು ಹೀಗೆ ಅತ್ತವಳಲ್ಲ. ಕಲ್ಲಿನ ಹಾಗೆ ಕೂತಿದ್ದಳು, ಹೆಂಗಸರೆಲ್ಲ ಅಳು ಅಳು ಅಂತ ಬೆನ್ನು ತಟ್ಟಿದರೂ ಕಣ್ಣಲ್ಲಿ ನೀರು ಬಂದಿರಲಿಲ್ಲ. ಅದೆಲ್ಲ ಇವತ್ತು ಈ ನುಣುಪು ನೆಲದ ವಾರ್ಡಿನಲ್ಲಿ, ಆಚೀಚೆ ಮಂಚದವರು ಎದ್ದು ಕೂರುವ ಹಾಗೆ ಬಂತು. ನರ್ಸ್ ಓಡಿ ಬಂದು, "ಅಮ್ಮಾ, ಅಳಬಾರ್ದು, ಹಾರ್ಟಿಗೆ ಒಳ್ಳೇದಲ್ಲ" ಅಂದಳು. ಶಾರದೆ ಅವಳ ಕೈ ತಳ್ಳಿ, "ಒಳ್ಳೇದಾಯ್ತು ಬಿಡೇ ಹಾರ್ಟು, ಅದಕ್ಕೇ ಅಳೂದು" ಅಂದಳು. ನಾನೂ ಅತ್ತೆ. ನನ್ನ ಕುತ್ತಿಗೆಯ ಪಟ್ಟಿಯಲ್ಲೇ ಕಣ್ಣು ಒರೆಸಿಕೊಂಡೆ.

ಅಳು ಮುಗಿದ ಮೇಲೆ ಅವಳು ನನ್ನ ಶರ್ಟಿನ ಕಿಸೆಯಲ್ಲಿ ಇಣುಕುತ್ತಿದ್ದ ಈ ಕಾಗದ ನೋಡಿದಳು. "ಬೆಳಗಿಂದ ಹೊರಗೆ ಕೂತ್ಕಂಡು ಎಂತ ಬರೀತ್ರಿ? ಗಾಜಿಂದ ಕಾಣ್ತದೆ ನಂಗೆ."

"ವಸಂತಂಗೆ" ಅಂದೆ. ನಾಚಿಕೆ ಆಯಿತು.

ಅವಳು ನಗಲಿಲ್ಲ, ಬೈಯಲೂ ಇಲ್ಲ. ಕಣ್ಣು ಒರೆಸಿಕೊಂಡು, "ಹಂಗಾರೆ ನಾ ಹೇಳ್ದೆ ಅಂತ ಒಂದು ಮಾತು ಬರೀರಿ. ಬೈದೇ ಬರೀರಿ. ನಾಜೂಕು ಮಾಡ್ಬ್ಯಾಡಿ" ಅಂದಳು.

ಅದಕ್ಕೇ ಬರೆಯುತ್ತಿದ್ದೇನೆ ದೋಸ್ತಾ. ನಿನ್ನ ಶಾರದೆ ಬದುಕಿದ್ದಾಳೆ. ಬಡಗಿಗೂ ಹೋಗಲಿಲ್ಲ, ತೆಂಕಿಗೂ ಹೋಗಲಿಲ್ಲ, ಇಲ್ಲೇ ಬದುಕಿಕೊಂಡಳು. ನಾಳೆ ಬಿಡುತ್ತಾರಂತೆ, ಸುರೇಶ ಬರುತ್ತಾನೆ, ಜೋಪಾನವಾಗಿ ಮನೆ ಮುಟ್ಟಿಸುತ್ತೇನೆ. ಮುಂದೆ ಫೋಟೋ ತೆಗೆಸುವುದಕ್ಕೆ ಎಲ್ಲಿಗೇ ಹೋಗಬೇಕಾದರೂ ಜೊತೆಗೆ ನಾನೇ ಹೋಗುತ್ತೇನೆ, ದಾರಿ ಗೊತ್ತಿಲ್ಲದಿದ್ದರೂ ಕೇಳಿಕೊಂಡು ಹೋಗುತ್ತೇನೆ. ಇನ್ನು ಅವಳ ಮಾತು. ಅವಳು ಹೇಳಿದ ಹಾಗೇ ಬರೆಯುತ್ತೇನೆ, ನನ್ನದೊಂದು ಅಕ್ಷರವೂ ಸೇರಿಸುವುದಿಲ್ಲ:

"ಊರವ್ರಿಗೆಲ್ಲ ತಾಳ್ಕಣಿ ತಾಳ್ಕಣಿ, ಇನ್ನೇನು ಬಂತು ಆಸ್ಪತ್ರೆ ಅಂತ ಹೇಳ್ತಾ ಕರ್ಕಂಡು ಹೋಗ್ತಿದ್ರಲ್ಲ. ನೀವು ಎರಡು ವರ್ಷ ತಾಳ್ಕಣೂಕೆ ಆಗ್ಲಿಲ್ವಾ?"

ಬೀರಣ್ಣ